ಮನೆಬಳಕೆಗೆ ಮಿತದರದ ಪಿಒಇ ಸ್ವಿಚ್: ಆಯ್ಕೆ ಹೇಗೆ?

ಒಂದೇ ಈಥರ್ನೆಟ್ ಕೇಬಲ್ಲಿನಲ್ಲಿ ಮಾಹಿತಿಯನ್ನೂ ವಿದ್ಯುತ್ತನ್ನೂ ಸಾಗಿಸುವ ವ್ಯವಸ್ಥೆಯೇ ಪವರ್ ಓವರ್ ಈಥರ್ನೆಟ್, ಅರ್ಥಾತ್ ಪಿಒಇ. ಇದರಿಂದ ಬಾಗಿಲ ಬಳಿಯ ಕ್ಯಾಮೆರಾಕ್ಕೆ, ಛಾವಣಿಯ ವೈಫೈ ಸಾಧನಕ್ಕೆ ಪ್ರತ್ಯೇಕ ಪ್ಲಗ್ ಬೇಕಾಗದು. ಸ್ವಿಚ್ ಹಾಗೂ ರೌಟರುಗಳಿಗೆ ಯುಪಿಎಸ್ ಒದಗಿಸಿದರೆ ಕರೆಂಟ್ ಹೋದಾಗಲೂ ಇವು ನಡೆಯುತ್ತವೆ. ವೃದ್ಧ ತಂದೆತಾಯಿಯರನ್ನು ಮನೆಯಲ್ಲಿ ಬಿಟ್ಟು ಕಚೇರಿಗೆ ತೆರಳುವವರಿಗೆ ಇದು ಸಣ್ಣ ನೆಮ್ಮದಿಯಲ್ಲ.

ಕೊಳ್ಳುವಾಗ ನಾವು ಪೋರ್ಟುಗಳನ್ನಷ್ಟೇ ಎಣಿಸಿದರೆ ಸಾಲದು. ಸ್ವಿಚ್ ನೀಡಬಲ್ಲ ಒಟ್ಟು ವಿದ್ಯುತ್ತನ್ನು ಮೊದಲು ಗಮನಿಸಬೇಕು. 2003ರ 802.3ಎಎಫ್ ಮಾನಕದಂತೆ ಒಂದು ಪೋರ್ಟು 15.4 ವ್ಯಾಟ್, 2009ರ 802.3ಎಟಿ ಮಾನಕದಂತೆ 30 ವ್ಯಾಟ್‌ವರೆಗೆ ನೀಡಬಲ್ಲದು. ಆದರೆ ಎಲ್ಲ ಪೋರ್ಟುಗಳಿಗೂ ಏಕಕಾಲಕ್ಕೆ ಅಷ್ಟು ದೊರೆಯುವುದೆಂಬ ಭರವಸೆಯಿಲ್ಲ. ಎಂಟು ಪೋರ್ಟುಗಳ ಅಗ್ಗದ ಸ್ವಿಚ್ಚುಗಳಲ್ಲಿ ಹಲವು, ನಾಲ್ಕರಲ್ಲಿ ಮಾತ್ರ ವಿದ್ಯುತ್ ನೀಡುತ್ತವೆ.

ಲೆಕ್ಕ ಸುಲಭ. ತಲಾ 8 ವ್ಯಾಟಿನ ಮೂರು ಕ್ಯಾಮೆರಾ, 13 ವ್ಯಾಟಿನ ಒಂದು ವೈಫೈ ಸಾಧನ ಸೇರಿದರೆ 37 ವ್ಯಾಟ್. 60 ವ್ಯಾಟಿನ ಸ್ವಿಚ್ ಧಾರಾಳವಾಯಿತು. ರಾತ್ರಿ ಇನ್‌ಫ್ರಾರೆಡ್ ದೀಪ ಉರಿಯುವಾಗ ಕ್ಯಾಮೆರಾ ಹೆಚ್ಚು ವಿದ್ಯುತ್ ಸೆಳೆಯುವುದರಿಂದ ಗರಿಷ್ಠ ಅಂಕಿಯನ್ನೇ ಹಿಡಿಯುವುದು ಲೇಸು.

ಮನೆಗೆ 'ಮ್ಯಾನೇಜ್ಡ್' ಸ್ವಿಚ್ ಅನಿವಾರ್ಯವಲ್ಲ. ಅಲ್ಲಿ ಹಣ ಉಳಿಸಬಹುದು. ಫ್ಯಾನ್ ಇಲ್ಲದ ಸ್ವಿಚ್ ಸದ್ದು ಮಾಡದು. ಆದರೆ ಸಾಧನವನ್ನು ಪರೀಕ್ಷಿಸದೆಯೇ ವಿದ್ಯುತ್ ಹರಿಸುವ 'ಪ್ಯಾಸಿವ್' ಪಿಒಇ ಹೊಂದದ ಉಪಕರಣವನ್ನು ಸುಟ್ಟೀತು. ತಾಮ್ರದ ಲೇಪವಷ್ಟೇ ಇರುವ ಅಲ್ಯೂಮಿನಿಯಂ ಕೇಬಲ್ಲು ಬೇಗ ಬಿಸಿಯಾದೀತು. ಅಪ್ಪಟ ತಾಮ್ರದ್ದನ್ನೇ, 100 ಮೀಟರಿನ ಮಿತಿಯೊಳಗೆ, ಬಳಸುವುದು ಕ್ಷೇಮ. ಈ ಎರಡರಲ್ಲಿ ಮಾತ್ರ ಉಳಿತಾಯ ಸಲ್ಲದು.