ಎಪ್ಪತ್ನಾಲ್ಕರ ವಂಶಾವಳಿ

ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡ ಮೇಲೆ ಬೀಡು, ಉಕ್ಕು ಎಂಬ ಭೇದಗಳು ಆ ಸೀಮೆಯವರಿಗೆ ಮನೆಮಾತಾದವು. ಒಂದೇ ಅದಿರಿನ ಮಕ್ಕಳಾದರೂ ಒಂದರ ಗುಣ ಇನ್ನೊಂದಕ್ಕಿಲ್ಲ. ಸಿಲಿಕಾನ್ ಚೂರಿನ ಮೇಲಿನ ತರ್ಕಮಂಡಲಗಳ ಸಂಗತಿಯೂ ಇಷ್ಟೇ ಎಂಬುದು ನನಗೆ ಮನವರಿಕೆಯಾದದ್ದು ಪಕ್ಕದ ಶಿವಮೊಗ್ಗೆಯಲ್ಲಿ, ವಿದ್ಯಾರ್ಥಿಯಾಗಿದ್ದಾಗ, ಪೇಚಿಗೆ ಸಿಕ್ಕ ಒಂದು ರಾತ್ರಿ.

1961ರಲ್ಲಿ ಅಮೆರಿಕದ ಫೇರ್‌ಚೈಲ್ಡ್ ಕಂಪನಿ ಹೊರತಂದ ಕುಲಕ್ಕೆ ಆರ್‌ಟಿಎಲ್ ಎಂದು ಹೆಸರು. ರೆಸಿಸ್ಟರು, ಟ್ರಾನ್ಸಿಸ್ಟರುಗಳ ಪುಟ್ಟ ಸಂಸಾರ. ಚಂದ್ರನಿಗೆ ಹೋದ ಅಪೊಲೊ ನೌಕೆಯ ಗಣಕದ ತರ್ಕವನ್ನೆಲ್ಲ ಈ ಕುಲದ ‘ನಾರ್’ ಗೇಟುಗಳನ್ನು ಸಾವಿರಗಟ್ಟಲೆ ಹೆಣೆದೇ ಕಟ್ಟಿದರು. ಡಿಟಿಎಲ್ ನಡುವೆ ಬಂದು ಹೋಯಿತು. ಟಿಆರ್‌ಡಬ್ಲ್ಯೂ ಕಂಪನಿಯ ಜೇಮ್ಸ್ ಬೂಯಿ 1961ರಲ್ಲೇ ಕಂಡುಹಿಡಿದಿದ್ದ ಟಿಟಿಎಲ್‌ಗೆ ದೊಡ್ಡ ಮನೆತನದ ಪಟ್ಟ ಕಟ್ಟಿದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್: 1964ರಲ್ಲಿ ಸೈನ್ಯದ ಕೆಲಸಕ್ಕೆ 54ರ ಸಾಲು, 1966ರಲ್ಲಿ ನಮ್ಮಂಥವರಿಗೆ 74ರ ಸಾಲು. ಮೊದಲನೆಯದು ಸೊನ್ನೆಗಿಂತ 55 ಡಿಗ್ರಿ ಕೆಳಗಿನ ಚಳಿಯಿಂದ 125 ಡಿಗ್ರಿ ಕಾವಿನವರೆಗೆ ತಾಳಬೇಕು. ಎರಡನೆಯದಕ್ಕೆ ಸೊನ್ನೆಯಿಂದ 70ರವರೆಗೆ ಸಾಕು.

ಈ ಮನೆಯ ಮಕ್ಕಳಲ್ಲಿ ವೇಗದವನು ಬಿಸಿಯಾಗುತ್ತಿದ್ದ, ತಣ್ಣಗಿರುವವನು ಸೋಮಾರಿ. ಹಿರಿಯಣ್ಣ 10 ಮಿಲಿವ್ಯಾಟ್ ತಿಂದು ಸುಮಾರು 10 ನ್ಯಾನೊಸೆಕೆಂಡಿನಲ್ಲಿ ಉತ್ತರ ಹೇಳಿದರೆ, ‘ಎಲ್’ ಎಂಬವನು ಒಂದೇ ಮಿಲಿವ್ಯಾಟ್ ತಿಂದು 33 ನ್ಯಾನೊಸೆಕೆಂಡು ತಡವರಿಸುತ್ತಿದ್ದ. ಎಪ್ಪತ್ತರ ದಶಕದ ‘ಎಲ್‌ಎಸ್’ ಈ ಜಗಳ ಬಿಡಿಸಿತು: ಶಾಟ್ಕಿ ಡಯೋಡು ಟ್ರಾನ್ಸಿಸ್ಟರನ್ನು ಮಿತಿಮೀರಿ ಉಣ್ಣಗೊಡದೆ ತಡೆದದ್ದರಿಂದ ಅಣ್ಣನ ವೇಗ ಎರಡೇ ಮಿಲಿವ್ಯಾಟಿಗೆ ದಕ್ಕಿತು.

ಅತ್ತ ಸೀಮಾಸ್ ಎಂಬ ಬೇರೆಯೇ ವಂಶ ಬೆಳೆಯುತ್ತಿತ್ತು. 1963ರಲ್ಲಿ ಫ್ರಾಂಕ್ ವಾನ್‌ಲಾಸ್ ಅದನ್ನು ರೂಪಿಸಿದ. 1968ರಲ್ಲಿ ಆರ್‌ಸಿಎ 4000ದ ಸಾಲನ್ನು ಮಾರಿತು. ಸುಮ್ಮನಿದ್ದಾಗ ಅದಕ್ಕೆ ಹೆಚ್ಚುಕಡಿಮೆ ನಿರಾಹಾರ. ಎಂಬತ್ತರ ದಶಕದಲ್ಲಿ ಅದರ ಸಂತಾನ ‘ಎಚ್‌ಸಿ’ 74ರ ಹೆಸರನ್ನೇ ಇಟ್ಟುಕೊಂಡು ಬಂದಿತು. ಕಾಲುಗಳೂ ಅವೇ, ಅಂಕಿಯೂ ಅದೇ. ನಾನು ಮೋಸಹೋದದ್ದು ಇಲ್ಲಿಯೇ.

ಪರೀಕ್ಷಕರು ಮರುದಿನ ಬರುವವರು. ನನ್ನ ಗಡಿಯಾರದ ಹಲಗೆಯಲ್ಲಿ ಒಂದು ಎಲ್‌ಎಸ್ ಸುಟ್ಟುಹೋಗಿ, ಅದರ ಜಾಗದಲ್ಲಿ ಎಚ್‌ಸಿ ಕೂರಿಸಿದೆ. ಗಡಿಯಾರ ಏಳರಿಂದ ಹನ್ನೊಂದಕ್ಕೆ ಹಾರಿತು, ಹಿಂದಕ್ಕೆ ಬಂದಿತು, ಮುಟ್ಟಿದರೆ ನಿಂತಿತು. ಎಲ್‌ಎಸ್ ‘ಒಂದು’ ಎನ್ನಲು 2.7 ವೋಲ್ಟಿನ ಮಾತು ಮಾತ್ರ ಕೊಡುತ್ತದೆ. 5 ವೋಲ್ಟಿನ ಎಚ್‌ಸಿ ಅದನ್ನು ‘ಒಂದು’ ಎಂದು ಒಪ್ಪಲು 3.5 ಕೇಳುತ್ತದೆ. ಕೆಲವೊಮ್ಮೆ ತಲುಪುತ್ತದೆ, ಕೆಲವೊಮ್ಮೆ ಇಲ್ಲ. ಇಂಥ ಸಂಬಂಧ ಕೂಡಿಸಲೆಂದೇ ‘ಎಚ್‌ಸಿಟಿ’ ಹುಟ್ಟಿದೆ, 2 ವೋಲ್ಟಿಗೇ ತಲೆದೂಗುತ್ತದೆ; ಆದರೆ ಆ ಹೊತ್ತಿನಲ್ಲಿ ಯಾವ ಅಂಗಡಿ ತೆರೆದಿರುತ್ತದೆ? ಹಳೆಯ ರೇಡಿಯೋದಿಂದ 2.2 ಕಿಲೋಓಮಿನ ರೆಸಿಸ್ಟರೊಂದನ್ನು ಕಿತ್ತು, ಆ ತಂತಿಯನ್ನು 5 ವೋಲ್ಟಿಗೆ ಎಳೆದು ಕಟ್ಟಿದೆ. ಎರಡು ಗಂಟೆ ಹತ್ತು ನಿಮಿಷಕ್ಕೆ ಗಡಿಯಾರ ಸರಿಯಾಗಿ ನಡೆಯತೊಡಗಿತು.