ಕ್ಯೂ ಉದ್ಯಾನದ ರಾಣಿಯ ಕುಟೀರ

ಲಂಡನ್ನಿನ ಪಶ್ಚಿಮಕ್ಕೆ, ಥೇಮ್ಸ್ ನದಿಯ ದಡದಲ್ಲಿರುವ ಕ್ಯೂ ಸಸ್ಯೋದ್ಯಾನವು ನಮಗೆ ತೀರ ಅಪರಿಚಿತವಾದುದಲ್ಲ. ಉದಕಮಂಡಲದ ಸಸ್ಯೋದ್ಯಾನವನ್ನು 1848ರಿಂದ ರೂಪಿಸಿದ ಮ್ಯಾಕೈವರನೂ, ಬೆಂಗಳೂರಿನ ಲಾಲ್‌ಬಾಗಿನ ಹೊಣೆಯನ್ನು 1874ರಲ್ಲಿ ವಹಿಸಿಕೊಂಡ ಕ್ಯಾಮರನನೂ ಅಲ್ಲಿಯೇ ಪಳಗಿ ಬಂದವರು. ಆ ಉದ್ಯಾನದ ನೈರುತ್ಯ ಭಾಗದಲ್ಲಿ, ದಟ್ಟವಾದ ಮರಗಳ ನಡುವೆ, ಹುಲ್ಲು ಹೊದಿಸಿದ ಮಾಡಿನ ಪುಟ್ಟ ಮನೆಯೊಂದಿದೆ. ಅದೇ ರಾಣಿ ಷಾರ್ಲಟ್ಟಳ ಕುಟೀರ.

ಜರ್ಮನಿಯ ಮೆಕ್ಲೆನ್‌ಬರ್ಗ್-ಸ್ಟ್ರೆಲಿಟ್ಸ್ ಎಂಬ ಸಣ್ಣ ಸಂಸ್ಥಾನದ ಈ ರಾಜಕುಮಾರಿ, 1761ರಲ್ಲಿ ತನ್ನ 17ನೆಯ ವಯಸ್ಸಿನಲ್ಲಿ ಇಂಗ್ಲೆಂಡಿನ ಅರಸ ಮೂರನೆಯ ಜಾರ್ಜನನ್ನು ವರಿಸಿದಳು. ಆಕೆ 15 ಮಕ್ಕಳ ತಾಯಿ. ಸಸ್ಯಶಾಸ್ತ್ರದಲ್ಲಿ ಅಪಾರ ಆಸಕ್ತಿಯುಳ್ಳವಳು. ಹಕ್ಕಿಯ ತಲೆಯನ್ನು ಹೋಲುವ 'ಸ್ಟ್ರೆಲಿಟ್ಸಿಯಾ' ಹೂವಿಗೆ ಆ ಹೆಸರು ಬಂದದ್ದು ಆಕೆಯ ತವರಿನಿಂದಲೇ.

ಕುಟೀರವು 1771ಕ್ಕೆ ಮೊದಲೇ ಕಟ್ಟಲ್ಪಟ್ಟಿತು. ಅದು ರಾಜಕುಟುಂಬವು ವಾಸಿಸಲೆಂದು ಕಟ್ಟಿದ ಮನೆಯಲ್ಲ. ತೋಟದಲ್ಲಿ ಅಡ್ಡಾಡಿ ದಣಿದಾಗ ವಿಶ್ರಮಿಸಿ ಉಪಾಹಾರ ಮಾಡುವ ತಾಣ. ಹೊರಗಿನಿಂದ ನೋಡಿದರೆ ಹಳ್ಳಿಯ ಒಕ್ಕಲಿಗನ ಮನೆ. ಒಳಗೆ ಅರಸುಮನೆತನದ ಅಭಿರುಚಿ. ಕೆಳಗಿನ ಕೋಣೆಯ ಗೋಡೆಗಳ ಮೇಲೆ ಹೋಗಾರ್ತನ ವಿಡಂಬನಚಿತ್ರಗಳ ಅಚ್ಚುಗಳಿವೆ. ಮಹಡಿಯ ಕೋಣೆಯಲ್ಲಿ ಹೂಬಳ್ಳಿಗಳು ಗೋಡೆಯಿಂದ ಛಾವಣಿಯವರೆಗೆ ಹಬ್ಬಿದಂತೆ ಬಣ್ಣದಲ್ಲಿ ಬಿಡಿಸಲಾಗಿದೆ. ಇದು ರಾಜಪುತ್ರಿ ಎಲಿಜಬೆತ್ತಳ ಕೈಚಳಕವೆಂದು ಪ್ರತೀತಿ. ಪಕ್ಕದಲ್ಲಿದ್ದ ಆವರಣದಲ್ಲಿ ದೂರದೇಶದ ಪ್ರಾಣಿಪಕ್ಷಿಗಳನ್ನು ಸಾಕಿದ್ದರು. 1790ರ ದಶಕದಲ್ಲಿ ಆಸ್ಟ್ರೇಲಿಯದ ಕಾಂಗರೂಗಳೂ ಅಲ್ಲಿಗೆ ಬಂದು ಮರಿಹಾಕಿದವು.

ಕಾಲವು ದೊಡ್ಡ ಕಟ್ಟಡಗಳನ್ನು ಉಳಿಸಲಿಲ್ಲ. ಅರಸನು ಬೇಸಗೆಯನ್ನು ಕಳೆಯುತ್ತಿದ್ದ ರಿಚ್ಮಂಡ್ ಲಾಡ್ಜನ್ನು 1772ರಲ್ಲಿಯೂ, ಮಕ್ಕಳು ಬೆಳೆದ ಶ್ವೇತಸೌಧವನ್ನು 1802ರಲ್ಲಿಯೂ ಕೆಡವಿದರು. ಅರಸನು ಅಪಾರ ವೆಚ್ಚದಿಂದ ಕಟ್ಟಿಸತೊಡಗಿದ ಕೋಟೆಯಾಕಾರದ ಹೊಸ ಅರಮನೆಯು ಮುಗಿಯಲೇ ಇಲ್ಲ. 1827–28ರಲ್ಲಿ ಅದೂ ನೆಲಸಮವಾಯಿತು. ಹಿಂದೆ ವರ್ತಕನೊಬ್ಬನು 1631ರಲ್ಲಿ ಕಟ್ಟಿಸಿದ್ದ ಕೆಂಪಿಟ್ಟಿಗೆಯ ಮನೆಯೂ ಈ ಹುಲ್ಲುಮಾಡಿನ ಕುಟೀರವೂ ಮಾತ್ರ ಉಳಿದವು.

1818ರ ಜುಲೈ ತಿಂಗಳಲ್ಲಿ ಆ ಇಟ್ಟಿಗೆಯ ಮನೆಯಲ್ಲಿ ರಾಣಿಯ ಇಬ್ಬರು ಗಂಡುಮಕ್ಕಳ ವಿವಾಹಗಳು ಒಟ್ಟಿಗೆ ನಡೆದವು. ತರುವಾಯ ಎಲ್ಲರೂ ಕುಟೀರದಲ್ಲಿ ಚಹಾ ಸೇವಿಸಿದರು. ಅದೇ ನವೆಂಬರಿನಲ್ಲಿ ರಾಣಿಯು ಕ್ಯೂವಿನಲ್ಲಿಯೇ ತೀರಿಕೊಂಡಳು. ಅಂದಿನ ವರರಲ್ಲಿ ಒಬ್ಬನಾದ ಕೆಂಟಿನ ಡ್ಯೂಕನ ಮಗಳೇ ಮುಂದೆ ವಿಕ್ಟೋರಿಯಾ ರಾಣಿಯಾದಳು.

ಉಳಿದ ಉದ್ಯಾನವು 1840ರಲ್ಲಿಯೇ ರಾಷ್ಟ್ರದ ಆಡಳಿತಕ್ಕೆ ಸೇರಿದ್ದರೂ ಕುಟೀರವು ರಾಜಮನೆತನದ್ದಾಗಿಯೇ ಇತ್ತು. ತನ್ನ ತಂದೆತಾಯಿಗಳ ಮದುವೆಯ ಚಹಾಕೂಟ ನಡೆದು 80 ವರ್ಷಗಳಾದ ಮೇಲೆ, 1898ರಲ್ಲಿ, ವಿಕ್ಟೋರಿಯಾ ಅದನ್ನೂ ಸುತ್ತಲಿನ 37 ಎಕರೆ ಭೂಮಿಯನ್ನೂ ಜನತೆಗೆ ಒಪ್ಪಿಸಿದಳು. ಅಲ್ಲಿಯ ಕಾಡನ್ನು ತಿದ್ದದೆ ಸಹಜಸ್ಥಿತಿಯಲ್ಲಿಯೇ ಕಾಪಾಡಬೇಕೆಂಬುದು ಆಕೆಯ ನಿಬಂಧನೆ. ಅದರ ಫಲವಾಗಿ ಇಂದಿಗೂ ವಸಂತದಲ್ಲಿ ಅಲ್ಲಿಯ ನೆಲವೆಲ್ಲ ಗಂಟೆಯಾಕಾರದ ನೀಲಿ ಹೂಗಳಿಂದ ತುಂಬುತ್ತದೆ.

ಚರಿತ್ರೆಯೆಂದರೆ ಕೋಟೆಕೊತ್ತಲಗಳ ಪಟ್ಟಿಯೆಂದು ಬಗೆಯುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಒಂದು ಹುಲ್ಲಿನ ಮಾಡು ಅರಮನೆಗಳಿಗಿಂತ ಹೆಚ್ಚು ಕಾಲ ಬಾಳಿತು. ಅದರ ಸುತ್ತಲಿನ ಕಾಡು ಒಂದು ಮಾತಿನ ಬಲದಿಂದ ಉಳಿಯಿತು. ನಮ್ಮೂರಿನ ಹಳೆಯ ತೋಪು, ಕೆರೆ, ಮಂಟಪಗಳಿಗೂ ಅಂತಹ ಒಂದು ಮಾತು ಬೇಕಾಗಿದೆ.