ಅವಧಿಪೂರ್ವ ಜನನ: ಸೋಂಕಿನ ಸಿದ್ಧಾಂತ ನಡೆದುಬಂದ ದಾರಿ

ದಿನ ತುಂಬುವ ಮೊದಲೇ ಹುಟ್ಟುವ ಶಿಶುವನ್ನು ಗುರುತಿಸಲು ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ತೂಕವೇ ಅಳತೆಗೋಲಾಗಿತ್ತು. 2,500 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಕದ ಶಿಶುಗಳೆಲ್ಲವೂ ‘ಅಕಾಲಿಕ’ ಎನಿಸುತ್ತಿದ್ದವು. 1961ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತೂಕವನ್ನೂ ಗರ್ಭಾವಧಿಯನ್ನೂ ಬೇರ್ಪಡಿಸಿ, 37 ವಾರಗಳು ತುಂಬುವ ಮೊದಲಿನ ಜನನವನ್ನು ಅವಧಿಪೂರ್ವವೆಂದು ನಿರ್ದೇಶಿಸಿತು. ಹೆರಿಗೆ ಏಕೆ ಬೇಗ ಆರಂಭವಾಗುತ್ತದೆ ಎಂಬ ಪ್ರಶ್ನೆಯನ್ನು ಪ್ರತ್ಯೇಕವಾಗಿ ಕೇಳಲು ಇದರಿಂದ ಅವಕಾಶವಾಯಿತು.

ಸೋಂಕೇ ಕಾರಣವಿರಬಹುದೆಂಬ ಸಂದೇಹ ಅದಕ್ಕೂ ಹಿಂದಿನದು. ಸೋಂಕು ಭ್ರೂಣದ ಪೊರೆಯನ್ನು ದುರ್ಬಲಗೊಳಿಸಿ ಅದು ಬೇಗ ಒಡೆಯುವಂತೆ ಮಾಡಬಹುದೆಂದು ಅಮೆರಿಕದ ನಾಕ್ಸ್ ಮತ್ತು ಹಾರ್ನರ್ 1950ರಲ್ಲಿಯೇ ವಾದಿಸಿದ್ದರು. ಬಾಸ್ಟನ್ನಿನ ಎಡ್ವರ್ಡ್ ಕ್ಯಾಸ್, ಗರ್ಭಿಣಿಯರ ಮೂತ್ರದಲ್ಲಿ ಯಾವ ಲಕ್ಷಣವನ್ನೂ ತೋರದೆ ಇರುವ ಬ್ಯಾಕ್ಟೀರಿಯಾಗಳಿಗೂ ಅವಧಿಪೂರ್ವ ಹೆರಿಗೆಗೂ ಸಂಬಂಧವನ್ನು ಗುರುತಿಸಿದರು. ಮೂತ್ರದಲ್ಲಿ ಸೋಂಕಿಲ್ಲದ ಗರ್ಭಿಣಿಯರಿಗೆ ಟೆಟ್ರಾಸೈಕ್ಲಿನ್ ಕೊಟ್ಟಾಗಲೂ ಇಂಥ ಹೆರಿಗೆಗಳು ಕಡಿಮೆಯಾದುದನ್ನು ಎಲ್ಡರ್ ಮತ್ತು ಸಹೋದ್ಯೋಗಿಗಳು 1971ರಲ್ಲಿ ವರದಿ ಮಾಡಿದರು.

ಸಂಬಂಧ ಕಂಡಿತಾದರೂ ಕ್ರಮ ತಿಳಿದಿರಲಿಲ್ಲ. 1980ರ ದಶಕದ ಸಂಶೋಧನೆಗಳು ಈ ಕೊರತೆಯನ್ನು ತುಂಬತೊಡಗಿದವು. ಹಲವು ಬ್ಯಾಕ್ಟೀರಿಯಾಗಳಲ್ಲಿ ಫಾಸ್ಫೋಲಿಪೇಸ್ ಎಂಬ ಕಿಣ್ವವಿರುವುದು 1981ರಲ್ಲಿ ಪ್ರಕಟವಾಯಿತು. ಗರ್ಭಾಶಯವನ್ನು ಸಂಕುಚಿಸುವ ಪ್ರೊಸ್ಟಾಗ್ಲಾಂಡಿನ್‌ಗಳ ಉತ್ಪತ್ತಿಗೆ ಇದು ದಾರಿ ಮಾಡಬಲ್ಲದು. ಆ ದಶಕದ ಕೊನೆಗೆ ರಾಬರ್ಟೊ ರೊಮೆರೊ ಮತ್ತು ಸಂಗಡಿಗರು ಸೋಂಕಿರುವ ಗರ್ಭದ್ರವದಲ್ಲಿ ಇಂಟರ್‌ಲ್ಯೂಕಿನ್‌ನಂಥ ಉರಿಯೂತಕಾರಕಗಳನ್ನು ಪತ್ತೆಹಚ್ಚಿದರು. ಹೆರಿಗೆಯನ್ನು ಆರಂಭಿಸುವುದರಲ್ಲಿ ರೋಗಾಣುವಿನಷ್ಟೇ, ಅದಕ್ಕೆ ದೇಹ ತೋರುವ ಪ್ರತಿಕ್ರಿಯೆಯಾದ ಉರಿಯೂತವೂ ಮುಖ್ಯವೆಂಬುದು ಹೀಗೆ ಸ್ಪಷ್ಟವಾಯಿತು. ಹೆರಿಗೆ ಎಷ್ಟು ಬೇಗನೋ ಸೋಂಕಿನ ಸಂಭವ ಅಷ್ಟು ಹೆಚ್ಚು ಎಂಬುದೂ ತಿಳಿಯಿತು.

ಹಾಗಾದರೆ ಪ್ರತಿಜೈವಿಕಗಳಿಂದ ಹೆರಿಗೆಯನ್ನು ಮುಂದೂಡಬಹುದಲ್ಲವೇ? ಈ ಪ್ರಶ್ನೆಯನ್ನು ಬ್ರಿಟನ್ ನೇತೃತ್ವದ ‘ಒರಾಕಲ್’ ಪ್ರಯೋಗಗಳು ಪರೀಕ್ಷೆಗೊಡ್ಡಿದವು. ಇವುಗಳ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ಪೊರೆ ಒಡೆದಿದ್ದ ಗರ್ಭಿಣಿಯರ ವಿಷಯದಲ್ಲಿ ಎರಿತ್ರೋಮೈಸಿನ್‌ನಿಂದ ಕೆಲವು ಪ್ರಯೋಜನಗಳು ಕಂಡುಬಂದವು. ಪೊರೆ ಒಡೆಯದೆ, ಸೋಂಕಿನ ಲಕ್ಷಣವೂ ಇಲ್ಲದೆ ಹೆರಿಗೆನೋವು ಆರಂಭವಾಗಿದ್ದ 6,295 ಗರ್ಭಿಣಿಯರ ಗುಂಪಿನಲ್ಲಿ ಶಿಶುಗಳಿಗೆ ಯಾವ ಲಾಭವೂ ಕಾಣಲಿಲ್ಲ. ಈ ಎರಡನೆಯ ಗುಂಪಿನ ಮಕ್ಕಳನ್ನು ಏಳನೆಯ ವಯಸ್ಸಿನಲ್ಲಿ ಪರಿಶೀಲಿಸಿದ ವರದಿ 2008ರಲ್ಲಿ ಹೊರಬಂದಿತು. ತಾಯಿಗೆ ಎರಿತ್ರೋಮೈಸಿನ್ ಕೊಟ್ಟಿದ್ದ ಮಕ್ಕಳಲ್ಲಿ ಮೆದುಳಿನ ಪಾರ್ಶ್ವವಾಯು ಶೇ. 3.3ರಷ್ಟಿದ್ದರೆ, ಕೊಡದಿದ್ದವರಲ್ಲಿ ಶೇ. 1.7ರಷ್ಟಿತ್ತು.

ಸಿದ್ಧಾಂತ ಸುಳ್ಳಾಗಲಿಲ್ಲ, ಅದರಿಂದ ನೇರವಾಗಿ ಹೊರಡಿಸಿದ ಚಿಕಿತ್ಸೆ ಮಾತ್ರ ನಿಲ್ಲಲಿಲ್ಲ. ಹೆರಿಗೆನೋವು ಕಾಣಿಸಿಕೊಳ್ಳುವ ವೇಳೆಗೆ ಉರಿಯೂತದ ಸರಣಿ ಬಹುದೂರ ಸಾಗಿರುವುದುಂಟು. ಆಗ ರೋಗಾಣುವನ್ನು ಕೊಂದರೂ ಸರಣಿ ನಿಲ್ಲದೆ ಇರಬಹುದು. ಇಂಥ ಸಂದರ್ಭದಲ್ಲಿ ಪ್ರತಿಜೈವಿಕಗಳನ್ನು ವಾಡಿಕೆಯಂತೆ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. ಪೊರೆ ಮುಂಚೆಯೇ ಒಡೆದಾಗ ಕೊಡುವುದನ್ನು ಒಪ್ಪಿತು. ಕ್ಯಾಸ್ ತೋರಿಸಿದ ದಾರಿಯಲ್ಲಿ ಗರ್ಭಿಣಿಯರ ಮೂತ್ರಪರೀಕ್ಷೆ ಇಂದಿಗೂ ನಡೆದಿದೆ. ಕಾರಣವನ್ನು ಅರಿಯುವುದಕ್ಕೂ ಅದನ್ನು ಸಕಾಲದಲ್ಲಿ ತಡೆಯುವುದಕ್ಕೂ ನಡುವೆ ಇರುವ ಅಂತರವೇ ಈ ಇತಿಹಾಸದ ಮುಖ್ಯ ಪಾಠ. ಅದು ತಿಳಿದುಬಂದದ್ದು ಮಕ್ಕಳನ್ನು ಏಳು ವರ್ಷ ಕಾದು ನೋಡಿದುದರಿಂದ.